ರೈಲು ಫೋಟೋಗಳಲ್ಲಿ ಸಂಯೋಜನೆ ಮತ್ತು ಶೈಲಿ: ಒಂದು ಹೋಲಿಕೆ

ನಮ್ಮ ಕಾಲೇಜಿನಲ್ಲಿ ಯಾರ ಮೊಬೈಲ್ ಗ್ಯಾಲರಿ ತೆರೆದರೂ ಒಂದಾದರೂ ರೈಲಿನ ಫೋಟೋ ಸಿಗುತ್ತದೆ. ಹುಬ್ಬಳ್ಳಿಯಲ್ಲಿ ಇದು ಆಶ್ಚರ್ಯವೇನಲ್ಲ. ನೈಋತ್ಯ ರೈಲ್ವೆಯ ಕೇಂದ್ರ ಕಚೇರಿ ಇರುವುದು ನಮ್ಮ ಊರಿನಲ್ಲಿ. 1507 ಮೀಟರ್ ಉದ್ದದ ಪ್ಲಾಟ್‌ಫಾರಂ ಇರುವುದೂ ಇಲ್ಲೇ. 2023ರಲ್ಲಿ ಬೆಂಗಳೂರು–ಧಾರವಾಡ ವಂದೇ ಭಾರತ್ ಶುರುವಾದ ಮೇಲಂತೂ ಎಲ್ಲರ ಸ್ಟೇಟಸ್‌ನಲ್ಲೂ ಅದರ ಚೂಪು ಮೂತಿಯೇ. ಆದರೆ ಹತ್ತು ಜನ ತೆಗೆದ ಹತ್ತು ಫೋಟೋಗಳನ್ನು ಪಕ್ಕಪಕ್ಕ ಇಟ್ಟರೆ ಯಾವುದು ಯಾರದ್ದು ಎಂದು ಹೇಳಲಾಗುವುದಿಲ್ಲ. ಹೀಗೇಕೆ, ಬೇರೆ ರೀತಿ ತೆಗೆದವರು ಏನು ಮಾಡಿದರು ಎಂದು ತಿಳಿಯಲು ಲೈಬ್ರರಿಯಲ್ಲಿ ಕುಳಿತು ಹಳೆಯ, ಹೊಸ ಚಿತ್ರಗಳನ್ನು ನೋಡುತ್ತಾ ಹೋದೆ. ನೋಡಿ ತಿಳಿದದ್ದನ್ನು ಒಂದು ಪಾಠದಂತೆ ಇಲ್ಲಿ ಬರೆದಿದ್ದೇನೆ. ನಾನು ಓದುತ್ತಿರುವುದು ವಾಣಿಜ್ಯ, ಚಿತ್ರಕಲೆಯಲ್ಲ. ಆದ್ದರಿಂದ ಲೆಕ್ಕ ಸ್ವಲ್ಪ ಜಾಸ್ತಿ ಇರುತ್ತದೆ, ಸಹಿಸಿಕೊಳ್ಳಿ.

ಮೊದಲು ಎರಡು ಪದಗಳು. ಒಂದು ಫೋಟೋದ ಚೌಕಟ್ಟಿನೊಳಗೆ ಏನು ಬರಬೇಕು, ಎಲ್ಲಿ ಬರಬೇಕು, ಎಷ್ಟು ದೊಡ್ಡದಾಗಿ ಬರಬೇಕು ಎಂಬ ತೀರ್ಮಾನವೇ ಸಂಯೋಜನೆ. ಏನು ಬರಬಾರದು ಎಂಬ ತೀರ್ಮಾನವೂ ಅದರಲ್ಲೇ ಸೇರಿದೆ, ಅದನ್ನು ನಾವು ಮರೆಯುತ್ತೇವೆ. ಇಂಥ ತೀರ್ಮಾನಗಳನ್ನು ಒಬ್ಬರು ಮತ್ತೆ ಮತ್ತೆ ಒಂದೇ ಬಗೆಯಲ್ಲಿ ಮಾಡಿದಾಗ ಕಾಣುವ ಗುರುತು ಶೈಲಿ. ಕೈಬರಹ ನೋಡಿ ಇದು ಯಾರ ನೋಟ್ಸ್ ಎಂದು ಹೇಳುತ್ತೇವಲ್ಲ, ಹಾಗೆ.

ರೈಲಿನ ಫೋಟೋ ತೆಗೆಯುವವರ ಕಷ್ಟಗಳು ಬೇರೆ. ರೈಲು ತುಂಬಾ ಉದ್ದ. ಪೂರ್ತಿ ಹಿಡಿಯಲು ಹೋದರೆ ದಾರದ ಹಾಗೆ ಕಾಣುತ್ತದೆ. ಅದು ಹಳಿ ಬಿಟ್ಟು ಕದಲುವುದಿಲ್ಲ. ಮದುವೆ ಮನೆಯಲ್ಲಿ ಹೇಳುವಂತೆ ‘ಸ್ವಲ್ಪ ಈ ಕಡೆ ತಿರುಗಿ’ ಎಂದು ಅದಕ್ಕೆ ಹೇಳಲಾಗದು. ಜೊತೆಗೆ ಅದು ಓಡುತ್ತಿರುತ್ತದೆ. ಗಂಟೆಗೆ 72 ಕಿಲೋಮೀಟರ್ ವೇಗ ಎಂದರೆ ಸೆಕೆಂಡಿಗೆ 20 ಮೀಟರ್. ಕ್ಯಾಮೆರಾದ ಶಟರ್ ಸೆಕೆಂಡಿನ ನೂರನೇ ಒಂದು ಭಾಗ ತೆರೆದಿದ್ದರೂ ಅಷ್ಟರಲ್ಲಿ ರೈಲು 20 ಸೆಂಟಿಮೀಟರ್ ಮುಂದೆ ಹೋಗಿರುತ್ತದೆ. ಸಾವಿರದ ಒಂದು ಭಾಗವಾದರೆ 2 ಸೆಂಟಿಮೀಟರ್. ಇದೇ ಲೆಕ್ಕವನ್ನು ಮನುಷ್ಯನಿಗೆ ಹಾಕಿ ನೋಡಿ. ನಿಧಾನವಾಗಿ ನಡೆಯುವವನು ಸೆಕೆಂಡಿಗೆ ಸುಮಾರು 1 ಮೀಟರ್ ಹೋಗುತ್ತಾನೆ. ಶಟರ್ ಅರ್ಧ ಸೆಕೆಂಡ್ ತೆರೆದಿದ್ದರೆ ಅವನು ಅರ್ಧ ಮೀಟರ್ ಉದ್ದಕ್ಕೆ ಹರಡಿದ ಹೊಗೆಯಂತಾಗುತ್ತಾನೆ. ಅಲುಗಾಡದೆ ನಿಂತವನ ಮುಖ ಮಾತ್ರ ಉಳಿಯುತ್ತದೆ. ಈ ಲೆಕ್ಕ ನೆನಪಿರಲಿ, ಮುಂದೆ ಬೇಕಾಗುತ್ತದೆ.

ಈ ಕಷ್ಟಗಳಿಗೆ ಹಳೆಯದೊಂದು ಉತ್ತರವಿದೆ. ಬಿಸಿಲು ನಿಮ್ಮ ಬೆನ್ನ ಹಿಂದಿರಲಿ, ಹಳಿಯಿಂದ ಸ್ವಲ್ಪ ದೂರ ನಿಲ್ಲಿ, ರೈಲು ಓರೆಯಾಗಿ ನಿಮ್ಮ ಕಡೆ ಬರುವಾಗ ಒತ್ತಿ. ಎಂಜಿನ್‌ನ ಮುಖವೂ ಒಂದು ಮಗ್ಗುಲೂ ಕಾಣುತ್ತವೆ. ಹಿಂದಿನ ಬೋಗಿಗಳು ಚಿಕ್ಕದಾಗುತ್ತಾ ದೂರದ ಒಂದು ಬಿಂದುವಿನಲ್ಲಿ ಸೇರುತ್ತವೆ. ರೈಲು ಅಡ್ಡ ಹೋಗುವ ಬದಲು ನಮ್ಮತ್ತ ಬರುತ್ತಿರುವುದರಿಂದ ಚಿತ್ರ ಕದಡುವುದೂ ಕಡಿಮೆ. ಇದನ್ನು ಮುಕ್ಕಾಲು ಮುಖದ ಚಿತ್ರ ಎನ್ನಬಹುದು. ಅಮೆರಿಕದಲ್ಲಿ ಲೂಸಿಯಸ್ ಬೀಬಿ ಎಂಬ ಲೇಖಕರು 1938ರ ‘ಹೈ ಐರನ್’ ಪುಸ್ತಕದಿಂದ ಹಿಡಿದು ಇಂಥ ಚಿತ್ರಗಳನ್ನೇ ಜನಪ್ರಿಯಗೊಳಿಸಿದರು. ನಮ್ಮ ಸ್ಟೇಟಸ್‌ನ ವಂದೇ ಭಾರತ್ ಕೂಡ ಇದೇ ಜಾತಿಯದು. ಇದು ಕೆಟ್ಟದ್ದಲ್ಲ. ರೈಲಿನ ಆಧಾರ್ ಕಾರ್ಡ್ ಫೋಟೋ ಎಂದುಕೊಳ್ಳಿ: ಗುರುತು ಸಿಗುತ್ತದೆ. ಅದು ಯಾರ ಮನೆಯ ಹಿಂದೆ ಹಾದುಹೋಗುತ್ತದೆ, ಅದರಿಂದ ಯಾರು ಹೊಟ್ಟೆ ಹೊರೆಯುತ್ತಾರೆ ಎನ್ನುವುದು ಮಾತ್ರ ಗೊತ್ತಾಗುವುದಿಲ್ಲ.

ಈ ದಾರಿ ಬಿಟ್ಟವರಲ್ಲಿ ನಾನು ಹೆಚ್ಚು ಹೊತ್ತು ನೋಡಿದ್ದು ಓ. ವಿನ್ಸ್ಟನ್ ಲಿಂಕ್ ಅವರ ಚಿತ್ರಗಳನ್ನು. ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ 1914ರಲ್ಲಿ ಹುಟ್ಟಿದವರು, ಓದಿದ್ದು ಸಿವಿಲ್ ಎಂಜಿನಿಯರಿಂಗ್, ಜೀವನಕ್ಕೆ ಮಾಡಿದ್ದು ಕಂಪನಿಗಳ ಜಾಹೀರಾತಿನ ಫೋಟೋ. 1955ರ ಹೊತ್ತಿಗೆ ಅಮೆರಿಕದ ಬಹುತೇಕ ರೈಲ್ವೆಗಳು ಡೀಸೆಲ್‌ಗೆ ತಿರುಗಿದ್ದವು. ವರ್ಜೀನಿಯಾ ಕಡೆಯ ನಾರ್‌ಫೋಕ್ ಅಂಡ್ ವೆಸ್ಟರ್ನ್ ಕಂಪನಿ ಮಾತ್ರ ಇನ್ನೂ ಕಲ್ಲಿದ್ದಲಿನ ಉಗಿ ಎಂಜಿನ್ ಓಡಿಸುತ್ತಿತ್ತು. ಅದೂ 1960ರಲ್ಲಿ ನಿಂತಿತು. ಆ ಐದು ವರ್ಷ ಲಿಂಕ್ ತಮ್ಮ ಸ್ವಂತ ಖರ್ಚಿನಲ್ಲಿ ಅಲ್ಲಿಗೆ ಹೋಗಿ ಬಂದು ಮುಗಿದುಹೋಗುತ್ತಿದ್ದ ಆ ಲೋಕವನ್ನು ಚಿತ್ರಿಸಿದರು. ಅದರಲ್ಲಿ ಹೆಸರು ಮಾಡಿದವು ಹೆಚ್ಚಾಗಿ ರಾತ್ರಿಯ ಚಿತ್ರಗಳು.

ರಾತ್ರಿಯೇ ಏಕೆ? ಹಳಿ ಎಲ್ಲಿದೆಯೋ ಅಲ್ಲೇ ಇರುತ್ತದೆ, ಸೂರ್ಯನೂ ನಮ್ಮ ಮಾತು ಕೇಳುವುದಿಲ್ಲ. ಹಗಲಿನಲ್ಲಿ ಇವೆರಡೂ ಫೋಟೋಗ್ರಾಫರ್ ಕೈಯಲ್ಲಿಲ್ಲ. ರಾತ್ರಿಯಾದರೆ ಬೆಳಕು ಪೂರ್ತಿ ಅವರದ್ದೇ. ಎಲ್ಲಿ ಬೆಳಕು ಹಾಕುತ್ತಾರೋ ಅದಷ್ಟೇ ಚಿತ್ರದಲ್ಲಿ ಬರುತ್ತದೆ, ಉಳಿದದ್ದು ಕತ್ತಲಾಗಿ ತಾನೇ ಹೊರಗೆ ಉಳಿಯುತ್ತದೆ. ಹಗಲಿನಲ್ಲಿ ಮಬ್ಬಾಗಿ ಕಾಣುವ ಉಗಿ ಕಪ್ಪು ಆಕಾಶದ ಎದುರು ಹಾಲಿನಂತೆ ಬೆಳ್ಳಗಾಗುತ್ತದೆ. ಆದರೆ ಆ ಬೆಳಕಿಗೆ ಪಟ್ಟ ಪಾಡು ಸಣ್ಣದಲ್ಲ. ಆಗಿನ ಫ್ಲ್ಯಾಶ್ ಬಲ್ಬು ಒಮ್ಮೆ ಉರಿದರೆ ಮುಗಿಯಿತು, ಎಸೆಯಬೇಕು. ಅಂಥ ಹತ್ತಾರು ಬಲ್ಬುಗಳನ್ನು ಬೇರೆ ಬೇರೆ ಕಡೆ ಇಟ್ಟು, ತಂತಿ ಎಳೆದು, ಎಲ್ಲವೂ ಒಂದೇ ಕ್ಷಣಕ್ಕೆ ಹೊತ್ತಿಕೊಳ್ಳುವಂತೆ ಮಾಡಬೇಕು. ರೈಲು ಬರುವುದು ಒಂದೇ ಸಲ. ತಪ್ಪಿದರೆ ಆ ರಾತ್ರಿಯ ಕೂಲಿಯೂ ಬಲ್ಬಿನ ದುಡ್ಡೂ ನಷ್ಟ.

1956ರ ಆಗಸ್ಟ್ 2ರಂದು ವೆಸ್ಟ್ ವರ್ಜೀನಿಯಾದ ಯೇಗರ್ ಎಂಬ ಊರಿನಲ್ಲಿ ತೆಗೆದ ಚಿತ್ರ ಅವರ ಅತ್ಯಂತ ಪ್ರಸಿದ್ಧ ಚಿತ್ರ. ಕಾರಿನಲ್ಲೇ ಕುಳಿತು ನೋಡುವ ಬಯಲು ಸಿನಿಮಾ. ಸಾಲುಸಾಲು ಕಾರುಗಳು. ಹತ್ತಿರದಲ್ಲೇ ಮೇಲ್ಛಾವಣಿ ತೆರೆದ ಕಾರೊಂದರಲ್ಲಿ ಒಂದು ಜೋಡಿ, ನಮಗೆ ಬೆನ್ನು ಮಾಡಿ ಕುಳಿತಿದೆ. ಪರದೆಯ ಮೇಲೆ ವಿಮಾನ. ಅದರಾಚೆ ಉಗಿ ಎಂಜಿನ್ ಬಿಳಿ ಹೊಗೆ ಬಿಟ್ಟುಕೊಂಡು ಗೂಡ್ಸ್ ಗಾಡಿ ಎಳೆಯುತ್ತಿದೆ. ಕಾರು, ವಿಮಾನ, ರೈಲು: ಸಾರಿಗೆಯ ಮೂರು ತಲೆಮಾರು ಒಂದೇ ಚೌಕಟ್ಟಿನಲ್ಲಿ. ಮಜಾ ಏನೆಂದರೆ ಜನರ ಮುಖವೆಲ್ಲ ಪರದೆಯ ಕಡೆಗಿದೆ, ಅಷ್ಟು ದೊಡ್ಡ ಎಂಜಿನ್ ಚೌಕಟ್ಟಿನ ಹಿಂಬದಿಯಲ್ಲಿ ತನ್ನ ಪಾಡಿಗೆ ಹೊರಟಿದೆ. ಇದು ಉಗಿಬಂಡಿಯ ಕೊನೆಯ ದಿನಗಳ ಚಿತ್ರ ಎಂದು ಗೊತ್ತಾದ ಮೇಲೆ ನನಗೆ ಸ್ವಲ್ಪ ಸಂಕಟವಾಯಿತು.

ಈ ಚಿತ್ರದಲ್ಲಿ ಒಂದು ಕೈಚಳಕವೂ ಇದೆ. ಅಷ್ಟು ಫ್ಲ್ಯಾಶ್ ಬೆಳಕಿನಲ್ಲಿ ಪರದೆಯ ಮೇಲಿನ ಸಿನಿಮಾ ಅಳಿಸಿಹೋಗಿ ಬರೀ ಬಿಳಿ ಉಳಿಯಿತು. ಹಾಗಾಗಿ ವಿಮಾನದ ದೃಶ್ಯವನ್ನು ಬೇರೆಯಾಗಿ ತೆಗೆದು ಡಾರ್ಕ್‌ರೂಮಿನಲ್ಲಿ ಸೇರಿಸಿದರು. ಇದು ಮೋಸವೇ? ಪತ್ರಿಕೆಯ ಸುದ್ದಿಚಿತ್ರವಾಗಿದ್ದರೆ ಹೌದು ಎನ್ನುತ್ತೇನೆ. ಆದರೆ ಲಿಂಕ್ ಸುದ್ದಿಗಾರರಲ್ಲ. ನಾಟಕದ ರಂಗಸಜ್ಜಿಕೆ ಮಾಡುವವರಂತೆ ಅವರು ಮೊದಲು ಜನರನ್ನು ಕೂರಿಸಿ ಆಮೇಲೆ ರೈಲಿಗೆ ಕಾಯುತ್ತಿದ್ದರು. ವರ್ಜೀನಿಯಾದ ಲುರೇ ಬಳಿ ಹಳ್ಳದಲ್ಲಿ ಮಕ್ಕಳು ನೀರಾಟವಾಡುವ ಚಿತ್ರದಲ್ಲಿ ರೈಲು ಮೇಲಿನ ಸೇತುವೆಯಲ್ಲಿ ಹೋಗುತ್ತದೆ. ಇನ್ನೊಂದರಲ್ಲಿ ಪೆಟ್ರೋಲ್ ಪಂಪಿನ ಮುಂದೆ ಕಾರು ನಿಂತಿದೆ, ಆಚೆ ರೈಲು. ರೈಲನ್ನು ಮನೆ ಅಂಗಳದ ಒಂದು ಪಾತ್ರವಾಗಿ ಮಾಡುವುದು, ಎಲ್ಲವನ್ನೂ ಗಾಜಿನಷ್ಟು ಸ್ಪಷ್ಟವಾಗಿ ನಿಲ್ಲಿಸುವುದು, ಇದೇ ಲಿಂಕ್ ಶೈಲಿ. ಎಂಜಿನಿಯರ್ ಬುದ್ಧಿ ಎಂದು ಬೇಕಾದರೂ ಹೇಳಿ.

ಇನ್ನು ಮುಂಬೈಗೆ ಬರೋಣ. ಚರ್ಚ್‌ಗೇಟ್ ಸ್ಟೇಷನ್, ವೆಸ್ಟರ್ನ್ ರೈಲ್ವೆಯ ಲೋಕಲ್‌ಗಳ ಕೊನೆಯ ನಿಲ್ದಾಣ. ಬ್ರೆಜಿಲ್‌ನ ಸಬಾಸ್ಟಿಯಾವೊ ಸಲ್ಗಾಡೊ 1995ರಲ್ಲಿ ಇಲ್ಲಿ ಒಂದು ಕಪ್ಪುಬಿಳುಪು ಚಿತ್ರ ತೆಗೆದರು. ನಮ್ಮ ಕಾಮರ್ಸ್‌ನವರು ತಿಳಿಯಬೇಕಾದ ವಿಷಯ: ಸಲ್ಗಾಡೊ ಮೂಲತಃ ಅರ್ಥಶಾಸ್ತ್ರಜ್ಞ. ಲಂಡನ್ನಿನ ಅಂತರರಾಷ್ಟ್ರೀಯ ಕಾಫಿ ಸಂಸ್ಥೆಯಲ್ಲಿ ಕೆಲಸದಲ್ಲಿದ್ದವರು 1973ರಲ್ಲಿ ಅದನ್ನು ಬಿಟ್ಟು ಕ್ಯಾಮೆರಾ ಹಿಡಿದರು. ಊರು ಬಿಟ್ಟು ಊರಿಗೆ ಹೋಗುವ ಜನರ ಬಗ್ಗೆ ಅವರು ವರ್ಷಗಟ್ಟಲೆ ಮಾಡಿದ ಚಿತ್ರಮಾಲೆಯಲ್ಲಿ ಚರ್ಚ್‌ಗೇಟ್ ಕೂಡ ಒಂದು.

ಅವರು ನಿಂತದ್ದು ಎತ್ತರದಲ್ಲಿ. ಎರಡೂ ಕಡೆ ರೈಲು ನಿಂತಿವೆ, ನಡುವಿನ ಪ್ಲಾಟ್‌ಫಾರಂ ತುಂಬಾ ಜನ. ಶಟರ್ ಹೆಚ್ಚು ಹೊತ್ತು ತೆರೆದಿದೆ. ಆಗಲೇ ಹಾಕಿದ ಲೆಕ್ಕ ಇಲ್ಲಿ ಕೆಲಸ ಮಾಡುತ್ತದೆ: ನಿಂತ ರೈಲುಗಳು ಗಟ್ಟಿಯಾಗಿ, ಸ್ಪಷ್ಟವಾಗಿ ಉಳಿದಿವೆ, ಜನ ಕರಗಿ ಹೊಳೆಯಂತೆ ಹರಿದಿದ್ದಾರೆ. ಲಿಂಕ್ ಚಿತ್ರಕ್ಕೆ ಇದು ಪೂರ್ತಿ ತಿರುಗುಮುರುಗು. ಅಲ್ಲಿ ಓಡುವ ರೈಲನ್ನೂ ಬೆಳಕು ನಿಲ್ಲಿಸಿತ್ತು; ಇಲ್ಲಿ ರೈಲು ನಿಂತಿದೆ, ಮನುಷ್ಯನೇ ಹೊಗೆಯಾಗಿದ್ದಾನೆ. ಅರ್ಥಶಾಸ್ತ್ರದಲ್ಲಿ ‘ಶ್ರಮ’ ಎಂದು ಒಂದೇ ಪದದಲ್ಲಿ ಹೇಳುತ್ತೇವೆ, ಎಷ್ಟು ಜನ ಎಂದು ಎಣಿಸುತ್ತೇವೆ, ಯಾರು ಎಂದು ಕೇಳುವುದಿಲ್ಲ. ಆ ಪದಕ್ಕೆ ಚಿತ್ರ ಬರೆದರೆ ಹೀಗೇ ಇರುತ್ತದೇನೋ.

ಅದೇ ಚರ್ಚ್‌ಗೇಟ್‌ನಲ್ಲಿ, ಅದೇ ದಶಕದಲ್ಲಿ ನಮ್ಮ ದೇಶದ ರಘು ರಾಯ್ ತೆಗೆದ ಚಿತ್ರವೂ ಇದೆ. ಅದರಲ್ಲೂ ಶಟರ್ ನಿಧಾನ, ಅದರಲ್ಲೂ ಜನ ಕರಗಿದ್ದಾರೆ. ಆದರೆ ಆ ಹರಿವಿನ ನಡುವೆ ಕೆಲವರು ದಿನಪತ್ರಿಕೆ ಹಿಡಿದು ಓದುತ್ತಾ ಅಲುಗಾಡದೆ ಇದ್ದಾರೆ. ಅವರು ಮಾತ್ರ ಸ್ಪಷ್ಟ. ಎರಡು ಚಿತ್ರಗಳ ತಂತ್ರ ಒಂದೇ, ಸ್ಟೇಷನ್ ಒಂದೇ. ಆದರೂ ಒಂದರಲ್ಲಿ ಮುಂಬೈ ಎಂದರೆ ಜನಸಾಗರ, ಇನ್ನೊಂದರಲ್ಲಿ ಆ ಸಾಗರದಲ್ಲೂ ತನ್ನ ಪೇಪರ್ ಓದಿ ಮುಗಿಸುವ ಮನುಷ್ಯ. ನನಗೆ ರಾಯ್ ಅವರದ್ದೇ ಹೆಚ್ಚು ಇಷ್ಟ. ಸಲ್ಗಾಡೊ ಚಿತ್ರ ನೋಡಿದಾಗ ‘ಅಬ್ಬಾ’ ಎನಿಸುತ್ತದೆ. ರಾಯ್ ಚಿತ್ರದ ಮುಂದೆ ಆ ಮನುಷ್ಯ ಯಾವ ಸುದ್ದಿ ಓದುತ್ತಿರಬಹುದು ಎಂದು ನಾನೂ ನಿಂತುಬಿಟ್ಟೆ.

ಆಲ್ಫ್ರೆಡ್ ಸ್ಟಿಗ್ಲಿಟ್ಜ್ ಅವರ 1902ರ ಚಿತ್ರದ ಬಗ್ಗೆ ಒಂದೇ ಮಾತು. ನ್ಯೂಯಾರ್ಕಿನ ರೈಲ್ವೆ ಯಾರ್ಡ್, ಹೊಳೆಯುವ ಹಳಿಗಳು ಬಳುಕಿ ಬರುತ್ತವೆ, ಎಂಜಿನ್ ಕಪ್ಪು ಹೊಗೆ ಉಗುಳುತ್ತದೆ. ಇದ್ದಿಲಿನಲ್ಲಿ ಬರೆದ ಚಿತ್ರದಂತೆ ಮೆತ್ತಗಿದೆ. ಫೋಟೋವೂ ಕಲೆಯೇ ಎಂದು ವಾದಿಸುತ್ತಿದ್ದವರ ಶೈಲಿ ಅದು. ಹೆಸರು ‘ಮನುಷ್ಯನ ಕೈ’. ಎಷ್ಟು ಹುಡುಕಿದರೂ ಕಣ್ಣು ನಿಲ್ಲುವಂಥ ಒಬ್ಬ ಮನುಷ್ಯ ನನಗೆ ಅದರಲ್ಲಿ ಸಿಗಲಿಲ್ಲ.

ಈಗ ಎಲ್ಲಕ್ಕಿಂತ ಹಳೆಯ ಚಿತ್ರಕ್ಕೆ ಬರುತ್ತೇನೆ. 1869ರ ಮೇ 10. ಅಮೆರಿಕದ ಯೂಟಾದಲ್ಲಿ ಪ್ರಾಮಂಟರಿ ಎಂಬ ಸ್ಥಳ. ಪೂರ್ವದಿಂದ ಯೂನಿಯನ್ ಪೆಸಿಫಿಕ್ ಕಂಪನಿ, ಪಶ್ಚಿಮದಿಂದ ಸೆಂಟ್ರಲ್ ಪೆಸಿಫಿಕ್ ಕಂಪನಿ ಹಾಕುತ್ತಾ ಬಂದ ಹಳಿಗಳು ಅಂದು ಕೂಡಿದವು. ಆಂಡ್ರ್ಯೂ ಜೆ. ರಸೆಲ್ ತೆಗೆದ ಚಿತ್ರದಲ್ಲಿ ಎರಡು ಎಂಜಿನ್‌ಗಳು ಎದುರುಬದುರಾಗಿ ನಿಂತಿವೆ. ನಡುವೆ ಎರಡೂ ಕಂಪನಿಗಳ ಮುಖ್ಯ ಎಂಜಿನಿಯರುಗಳು ಕೈ ಕುಲುಕುತ್ತಿದ್ದಾರೆ. ಎಂಜಿನ್ ಹತ್ತಿ ನಿಂತವರು ಬಾಟಲಿ ಚಾಚಿದ್ದಾರೆ. ಆಗ ಗಾಜಿನ ಫಲಕಕ್ಕೆ ರಾಸಾಯನಿಕ ಹಚ್ಚಿ, ಅದು ಒದ್ದೆಯಾಗಿರುವಾಗಲೇ ಚಿತ್ರ ತೆಗೆದು ತೊಳೆಯಬೇಕಿತ್ತು. ಜನ ಅಲುಗಾಡದೆ ನಿಲ್ಲಬೇಕಿತ್ತು. ಅಂದರೆ ಇದು ಎಲ್ಲರೂ ತಯಾರಾಗಿ ನಿಂತ ಗ್ರೂಪ್ ಫೋಟೋ. ಯಾರು ನಿಲ್ಲಬೇಕು, ಎಲ್ಲಿ ನಿಲ್ಲಬೇಕು ಎಂಬುದಕ್ಕೆ ಸಮಯವಿತ್ತು.

ಸಂಯೋಜನೆಯ ದೃಷ್ಟಿಯಿಂದ ಚಿತ್ರ ತೂಗಿಟ್ಟಂತಿದೆ. ಈ ಕಡೆ ಒಂದು ಎಂಜಿನ್, ಆ ಕಡೆ ಒಂದು; ಈ ಕಡೆ ಒಂದು ಗುಂಪು, ಆ ಕಡೆ ಒಂದು; ನಡುವೆ ಕೂಡಿದ ಕೈ. ಡೆಬಿಟ್‌ಗೆ ಕ್ರೆಡಿಟ್ ಸರಿಯಾಗಿದೆ. ಆದರೆ ಅಕೌಂಟೆನ್ಸಿಯಲ್ಲಿ ನಾವು ಇನ್ನೊಂದು ಪಾಠ ಓದಿದ್ದೇವೆ. ಒಂದು ವ್ಯವಹಾರವನ್ನು ಪುಸ್ತಕದಲ್ಲಿ ಬರೆಯದೆ ಪೂರ್ತಿಯಾಗಿ ಬಿಟ್ಟುಬಿಟ್ಟರೆ ಟ್ರಯಲ್ ಬ್ಯಾಲೆನ್ಸ್ ಆಗಲೂ ಸರಿಯಾಗಿಯೇ ಕೂಡುತ್ತದೆ. ತಪ್ಪು ಇದೆ ಎಂದು ಅದು ತೋರಿಸುವುದಿಲ್ಲ. ಸೆಂಟ್ರಲ್ ಪೆಸಿಫಿಕ್ ಕಡೆಯ ಹಳಿಯನ್ನು ಹಾಕಿದವರಲ್ಲಿ ಹೆಚ್ಚಿನವರು ಚೀನಾದಿಂದ ಬಂದ ಕೂಲಿಗಳು, ಹತ್ತು ಸಾವಿರಕ್ಕೂ ಹೆಚ್ಚು ಜನ. ಸಿಯೆರಾ ನೆವಾಡಾ ಬೆಟ್ಟಗಳ ಬಂಡೆಯನ್ನು ಹಿಮದಲ್ಲಿ ಕೊರೆದು ಸುರಂಗ ಮಾಡಿದವರು ಅವರು. 1867ರಲ್ಲಿ ಕೂಲಿ ಹೆಚ್ಚಿಸಿ ಎಂದು ಮುಷ್ಕರ ಹೂಡಿದವರೂ ಅವರೇ. ಆ ಪ್ರಸಿದ್ಧ ಚಿತ್ರದಲ್ಲಿ ಅವರು ಕಾಣುವುದಿಲ್ಲ.

ಕಾರ್ಕಿ ಲೀ ಎಂಬ ಚೀನೀ ಮೂಲದ ಅಮೆರಿಕನ್ ಹುಡುಗ ಶಾಲೆಯ ಪುಸ್ತಕದಲ್ಲಿ ಈ ಚಿತ್ರ ನೋಡಿ, ತನ್ನವರಂತೆ ಕಾಣುವ ಮುಖ ಒಂದಾದರೂ ಇದೆಯೇ ಎಂದು ಹುಡುಕಿದನಂತೆ. ಮುಂದೆ ಅವನು ನ್ಯೂಯಾರ್ಕಿನ ಹೆಸರಾಂತ ಫೋಟೋಗ್ರಾಫರ್ ಆದ. 2014ರಲ್ಲಿ, ಅಂದರೆ 145 ವರ್ಷಗಳ ನಂತರ, ಆ ಕಾರ್ಮಿಕರ ವಂಶಸ್ಥರನ್ನೂ ಇತರ ಚೀನೀ ಅಮೆರಿಕನ್ನರನ್ನೂ ಪ್ರಾಮಂಟರಿಗೆ ಕರೆಸಿ, ಎಂಜಿನ್‌ಗಳ ಮುಂದೆ ನಿಲ್ಲಿಸಿ, ಅದೇ ಸಂಯೋಜನೆಯಲ್ಲಿ ಮತ್ತೆ ಚಿತ್ರ ತೆಗೆದರು. 2021ರಲ್ಲಿ ಅವರು ತೀರಿಕೊಂಡರು. ಎರಡು ಚಿತ್ರಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಗೆರೆಗಳು ಅವೇ. ಬದಲಾಗಿದ್ದು ಯಾರು ನಿಂತಿದ್ದಾರೆ ಎಂಬುದು ಮಾತ್ರ.

ನಮ್ಮ ಚಾಚಾ ರೈಲ್ವೆಯಲ್ಲಿ ಟ್ರ್ಯಾಕ್‌ಮನ್. ಮನೆಯಲ್ಲಿ, ಓಣಿಯಲ್ಲಿ ಎಲ್ಲರೂ ಹೇಳುವುದು ಗ್ಯಾಂಗ್‌ಮನ್ ಎಂದೇ. ಒಂದು ರಾತ್ರಿ ಊಟವಾದ ಮೇಲೆ ಈ ಚಿತ್ರಗಳನ್ನು ಅವರಿಗೆ ತೋರಿಸಿದೆ. ಲಿಂಕ್ ಚಿತ್ರ ನೋಡಿ, ಅಷ್ಟು ತಂತಿ ಎಳೆಯಲು ಎಷ್ಟು ಹೊತ್ತು ಬೇಕಾಯಿತು ಎಂದು ಕೇಳಿದರು. ಚರ್ಚ್‌ಗೇಟ್ ನೋಡಿ ಏನೂ ಹೇಳಲಿಲ್ಲ. ಪ್ರಾಮಂಟರಿ ಚಿತ್ರವನ್ನು ಬೆರಳಿನಿಂದ ದೊಡ್ಡದು ಮಾಡಿ, ಅತ್ತಿತ್ತ ಸರಿಸಿ, “ಇಸ್ಮೆ ಗ್ಯಾಂಗ್ ಕಿದರ್ ಹೈ ಬೇಟಾ?” ಎಂದರು. ಇದರಲ್ಲಿ ಗ್ಯಾಂಗ್ ಎಲ್ಲಿದೆ ಎಂದು. ಚೀನೀ ಕಾರ್ಮಿಕರ ವಿಷಯವನ್ನು ನಾನು ಆಗಿನ್ನೂ ಅವರಿಗೆ ಹೇಳಿರಲಿಲ್ಲ.

ಇದನ್ನು ಬರೆಯಲು ಕಾರಣವಾದ ಫೋಟೋ ಬೇರೆಯೇ. ನಮ್ಮ ತರಗತಿಯ ಗೆಳೆಯನೊಬ್ಬ ರೈಲ್ವೆ ಗೇಟಿನ ಹೊರಗೆ ರಸ್ತೆಯಲ್ಲಿ ನಿಂತು ವಂದೇ ಭಾರತ್ ಹಾದುಹೋಗುವುದನ್ನು ತೆಗೆದಿದ್ದ. ಗುಂಪಿಗೆ ಕಳಿಸಿದಾಗ ಎಲ್ಲರೂ ಬೆಂಕಿ ಇಮೋಜಿ ಹಾಕಿದೆವು. ಆಮೇಲೆ ಅವನ ಮೊಬೈಲ್‌ನಲ್ಲಿ ಮೂಲ ಫೋಟೋ ನೋಡಿದೆ. ಎಡ ತುದಿಯಲ್ಲಿ ಕಿತ್ತಳೆ ಜಾಕೆಟ್ ತೊಟ್ಟ ನಾಲ್ಕು ಜನ ಹಳಿಯಿಂದ ಇಳಿದು ನಿಂತಿದ್ದರು. ಅವನು ಅವರನ್ನು ಕ್ರಾಪ್ ಮಾಡಿದ್ದ. “ಆ ಕಲರ್ ಕಣ್ಣನ್ನ ಆ ಕಡೆ ಎಳೀತದಲೇ, ಟ್ರೇನ್ ಡಲ್ ಆಗ್ತದ” ಎಂದ. ಸಂಯೋಜನೆಯ ನಿಯಮದ ಪ್ರಕಾರ ಅವನು ಹೇಳಿದ್ದು ಸರಿ. ಆ ನಾಲ್ವರಲ್ಲಿ ಎರಡನೆಯವರು ನಮ್ಮ ಚಾಚಾ.

ಅವನ ಒಪ್ಪಿಗೆಯಿಂದ ಎರಡನ್ನೂ ಪ್ರಿಂಟ್ ಹಾಕಿಸಿ ಲೈಬ್ರರಿಯ ನೋಟಿಸ್ ಬೋರ್ಡಿಗೆ ಹಚ್ಚಿದ್ದೇನೆ, ನೋಡಿ. ಕ್ರಾಪ್ ಮಾಡಿದ್ದರಲ್ಲಿ ಒಂದೇ ಓರೆ ಗೆರೆ, ಬಿಳಿ ರೈಲು, ವೇಗ. ಬೀಬಿ ಅವರ ಮಾದರಿ. ಮೂಲದಲ್ಲಿ ರೈಲು ಚೌಕಟ್ಟಿನ ಮೂರರಲ್ಲಿ ಎರಡು ಭಾಗಕ್ಕೆ ಇಳಿಯುತ್ತದೆ, ಸ್ವಲ್ಪ ಕದಡಿದೆ. ನಾಲ್ಕು ಜನ ಮಾತ್ರ ಚರ್ಚ್‌ಗೇಟ್‌ನ ಪೇಪರ್ ಓದುವವರಂತೆ ಸ್ಪಷ್ಟವಾಗಿದ್ದಾರೆ. ನಾಲ್ವರ ಮುಖವೂ ರೈಲಿನ ಕಡೆಗೇ ಇದೆ. ಅದು ಚಂದ ನೋಡುವುದಲ್ಲ. ಹಾದುಹೋಗುವ ಗಾಡಿಯ ಕೆಳಗೆ ಏನಾದರೂ ಜೋತಾಡುತ್ತಿದೆಯೇ, ಹೊಗೆ ಬರುತ್ತಿದೆಯೇ ಎಂದು ನೋಡುವುದು ಅವರ ಕೆಲಸದ ಭಾಗ ಎಂದು ಚಾಚಾ ಹೇಳಿದರು. ಇದು ತಿಳಿದ ಮೇಲೆ ಆ ಕಿತ್ತಳೆ ಬಣ್ಣ ಕಣ್ಣನ್ನು ಎಳೆದದ್ದು ತೊಂದರೆ ಅನ್ನಿಸುವುದಿಲ್ಲ. ಅವರ ನೋಟದ ಗೆರೆ ಹಿಡಿದು ನಮ್ಮ ಕಣ್ಣೂ ಮತ್ತೆ ರೈಲಿಗೇ ಹೋಗುತ್ತದೆ.

ನೀವೂ ಪ್ರಯತ್ನಿಸಬಹುದು. ಮೊಬೈಲ್‌ನ ಪ್ರೊ ಮೋಡ್‌ನಲ್ಲಿ ಶಟರ್ ಅರ್ಧ ಸೆಕೆಂಡ್‌ಗೆ ಇಟ್ಟು, ಪ್ಲಾಟ್‌ಫಾರಂ ಬೆಂಚಿನ ಮೇಲೆ ಒರಗಿಸಿ, ಸಂಜೆ ಒಂದು ಗಾಡಿ ಖಾಲಿಯಾಗುವಾಗ ಒತ್ತಿ. ಯಾರು ಕರಗಿದರು, ಯಾರು ಉಳಿದರು ನೋಡಿ. ನನ್ನ ಮೊದಲ ಪ್ರಯತ್ನದಲ್ಲಿ ಉಳಿದದ್ದು ಚಹಾದ ಕ್ಯಾನಿನ ಪಕ್ಕ ಕುಳಿತ ಅಜ್ಜ ಒಬ್ಬರೇ. ಆದರೆ ಹಳಿಗೆ ಇಳಿಯಬೇಡಿ. ರೈಲ್ವೆ ಕಾಯ್ದೆಯ 147ನೇ ಕಲಂ ಪ್ರಕಾರ ಅತಿಕ್ರಮ ಪ್ರವೇಶಕ್ಕೆ ಆರು ತಿಂಗಳವರೆಗೆ ಜೈಲು ಅಥವಾ ಸಾವಿರ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು. ಅದಕ್ಕಿಂತ ಮುಖ್ಯವಾಗಿ, ಸೆಕೆಂಡಿಗೆ 20 ಮೀಟರ್ ಎಂಬ ಲೆಕ್ಕ ಮರೆಯಬೇಡಿ.

ಮೂಲ ಫೋಟೋದ ಒಂದು ಪ್ರತಿಯನ್ನು ಚಾಚಾಗೆ ಕೊಟ್ಟೆ. ಕನ್ನಡಕ ಹಾಕಿಕೊಂಡು ನೋಡಿದರು. ತಮ್ಮ ಮುಖದ ಮೇಲೆ ಹೆಚ್ಚು ಹೊತ್ತು ನಿಲ್ಲಲಿಲ್ಲ. ಕಾಲ ಬಳಿ ಬಿದ್ದಿದ್ದ ಹಾರೆ, ಸುತ್ತಿಗೆಗಳ ಮೇಲೆ ಬೆರಳಿಟ್ಟು, ಅಲ್ಲಿಂದ ಹಳಿಯವರೆಗೆ ಅಳೆದು, “ಸಾಮಾನು ದೂರ ಐತೆ, ಬರೋಬರ್ ಐತೆ” ಎಂದರು.